ಮನೇಲಿ ಕಟ್ಟಿದ ಕಾರಿಗೆ ತೆರಿಗೆ ಎಷ್ಟು?

ಕಾರನ್ನು ಬಿಡಿಭಾಗಗಳಾಗಿ ಕೊಂಡು ತಂದು, ಮನೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ತಾವೇ ಜೋಡಿಸಿಕೊಳ್ಳುವ ಹುಚ್ಚು ಬ್ರಿಟನ್ನಿನಲ್ಲಿ ಹಳೆಯದು. ಕಿಟ್ ಕಾರ್ ಅಂತಾರೆ. ಇದರ ಬಗ್ಗೆ ಓದುವಾಗ ನನ್ನ ತಲೆ ಹೊಕ್ಕಿದ್ದು ಮಾತ್ರ ಇಂಜಿನ್ ಅಲ್ಲ, ತೆರಿಗೆ. ಕಂಪನಿ ಕಾರಿಗೆ ಮಾಡೆಲ್ ಇದೆ, ತಯಾರಾದ ವರ್ಷ ಇದೆ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಕಟ್ಟಿದ ಕಾರು ಹುಟ್ಟಿದ್ದು ಯಾವಾಗ? ಅದಕ್ಕೆ ರಸ್ತೆ ತೆರಿಗೆ ಯಾವ ಲೆಕ್ಕದಲ್ಲಿ? ಹುಡುಕುತ್ತಾ ಹೋಗಿ 1921ರಲ್ಲಿ ನಿಂತೆ.

ಆ ವರ್ಷದ ಜನವರಿಯಿಂದ ಬ್ರಿಟನ್ನಿನಲ್ಲಿ ಕಾರಿಗೆ ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು ತೆರಿಗೆ. ಆದರೆ ಈ ಅಶ್ವಶಕ್ತಿ ಇಂಜಿನ್ ಓಡಿಸಿ ಅಳೆದದ್ದಲ್ಲ, ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಸೂತ್ರದ್ದು. ಸಿಲಿಂಡರಿನ ವ್ಯಾಸವನ್ನು ಇಂಚಿನಲ್ಲಿ ಅಳೆದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿ. ಅಷ್ಟೇ. ಪಿಸ್ಟನ್ ಎಷ್ಟು ಉದ್ದ ಓಡುತ್ತೆ ಅನ್ನೋದು ಲೆಕ್ಕಕ್ಕೇ ಇಲ್ಲ!

ನೀವೇ ಹಾಕಿ ನೋಡಿ. ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿಗೆ 3.75 ಇಂಚಿನ ನಾಲ್ಕು ಸಿಲಿಂಡರು. ಉತ್ತರ 22.5, ತೆರಿಗೆ 23 ಪೌಂಡು. 1922ರಲ್ಲಿ ಬಂದ ಇಂಗ್ಲೆಂಡಿನ ಪುಟಾಣಿ ಆಸ್ಟಿನ್ ಸೆವೆನ್‌ಗೆ ಸ್ವಲ್ಪದರಲ್ಲೇ 747 ಸಿಸಿ ಇಂಜಿನ್ ಬಂತು. ಅದರ ವ್ಯಾಸ 2.2 ಇಂಚು, ಸಿಲಿಂಡರು ನಾಲ್ಕೇ. ಉತ್ತರ ಎಂಟರೊಳಗೆ, ತೆರಿಗೆ 8 ಪೌಂಡು. ಇನ್ನೇನು ಬೇಕು? ಇಂಗ್ಲೆಂಡಿನ ಕಾರುಗಳಿಗೆಲ್ಲ ಸಣಕಲು, ಉದ್ದುದ್ದ ಸಿಲಿಂಡರುಗಳು ಬಂದವು. ಇಂಜಿನ್ನಿನ ನಕ್ಷೆಯನ್ನು ಅರ್ಧ ಇಂಜಿನಿಯರು, ಅರ್ಧ ಖಜಾನೆಯ ಗುಮಾಸ್ತ ಬರೆದ ಹಾಗೆ. 1948ರಲ್ಲಿ ಹೊಸ ಕಾರುಗಳಿಗೆಲ್ಲ ಒಂದೇ ದರ, 10 ಪೌಂಡು, ಅಂತ ಆದಮೇಲೆ ಈ ಸೂತ್ರದ ಹಿಡಿತ ಸಡಿಲವಾಯಿತು.

ಅದೇ 1948ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ್ದ ಕಾಲಿನ್ ಚಾಪ್ಮನ್ ಒಂದು ಹಳೇ ಆಸ್ಟಿನ್ ಸೆವೆನ್ನನ್ನು ಬಿಚ್ಚಿ, ತನಗೆ ಬೇಕಾದ ಹಾಗೆ ಮರಳಿ ಕಟ್ಟಿದ. ಅದೇ ಮೊದಲ ಲೋಟಸ್. ತೆರಿಗೆ ಉಳಿಸಲು ಹುಟ್ಟಿದ ಕಾರಿನ ಹೊಟ್ಟೆಯಿಂದ ಬಂದವನು ಮುಂದೆ ಇನ್ನೊಂದು ತೆರಿಗೆಗೆ ಚಳ್ಳೆಹಣ್ಣು ತಿನ್ನಿಸಿದ. ಅದು 1940ರಲ್ಲಿ, ಯುದ್ಧದ ನಡುವೆ ಬಂದ ಖರೀದಿ ತೆರಿಗೆ. ಪೂರ್ತಿ ಕಾರು ಕೊಂಡರೆ ಈ ತೆರಿಗೆ ಭಾರೀ ಬೀಳುತ್ತಿತ್ತು, ಬಿಡಿಭಾಗಗಳ ಗಂಟು ಕೊಂಡರೆ ಇಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಿಟ್ ಆಗಿ ಮಾರಾಟವಾಗಿದ್ದು ಇದಕ್ಕೇ. ಜೋಡಿಸುವ ವಿಧಾನ ಬರೆದುಕೊಟ್ಟರೆ ಅದು ಕಾರೇ ಅಂತ ಲೆಕ್ಕವಾದೀತೆಂದು, ಬಿಚ್ಚುವ ವಿಧಾನ ಬರೆದುಕೊಟ್ಟು ಕೊನೆಯಿಂದ ಓದಿಕೊಳ್ಳಿ ಅನ್ನುತ್ತಿದ್ದರಂತೆ. ಎಷ್ಟು ನಿಜವೋ, ಕಥೆಯಂತೂ ಚೆನ್ನಾಗಿದೆ :-)

1973ರ ಏಪ್ರಿಲ್‌ನಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು. ಅದು ಕಿಟ್‌ಗೂ ಬಿತ್ತು. ಆ ವರ್ಷವೇ ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಉಳಿತಾಯ ಹೋದರೂ ಕಟ್ಟುವವರ ಹುಚ್ಚು ಹೋಗಲಿಲ್ಲ. ನನಗೆ ಈ ಜನ ಇಷ್ಟವಾಗೋದು ಇಲ್ಲೇ. ತೆರಿಗೆ ಉಳಿಸೋದಷ್ಟೇ ಉದ್ದೇಶವಾಗಿದ್ದರೆ ಕಿಟ್ ಕಾರು ಆವತ್ತೇ ಸತ್ತುಹೋಗಬೇಕಿತ್ತು.

ಆಮೇಲೆ ಸರ್ಕಾರಕ್ಕೆ ಬೇರೆ ತಲೆನೋವು. ಇದು ಯಾವ ಕಾರು? 1983ರಿಂದ, ವಯಸ್ಸೋ ಮೂಲವೋ ಗೊತ್ತಾಗದ ಗಾಡಿಗೆ 'ಕ್ಯೂ' ಅಕ್ಷರದ ನಂಬರು ಕೊಡತೊಡಗಿದರು. ಹಳೇ ಕಾರನ್ನು ಬಿಚ್ಚಿ ತೀರಾ ಬದಲಾಯಿಸಿದವರಿಗೆ ಬಹಳ ವರ್ಷ ಒಂದು ಅಂಕಪಟ್ಟಿಯೂ ಇತ್ತು: ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರುಪೆಟ್ಟಿಗೆ, ಸ್ಟೀರಿಂಗ್‌ಗೆ ತಲಾ 2, ಇಂಜಿನ್‌ಗೆ 1. ಎಂಟಾದರೂ ಬಂದರೆ ಹಳೇ ನಂಬರು ನಿಮ್ಮದೇ.

ಇಂಜಿನ್‌ಗೆ ಬರೀ ಒಂದು! ತೆರಿಗೆಗೆ ಬಂದರೆ ಲೆಕ್ಕ ತಲೆಕೆಳಗು. 2001ರ ಮಾರ್ಚ್‌ನಿಂದ ಹೊಸ ಕಾರಿನ ರಸ್ತೆ ತೆರಿಗೆಯನ್ನು ಅದು ಉಗುಳುವ ಇಂಗಾಲದ ಡೈಆಕ್ಸೈಡ್ ಮೇಲೆ ಕಟ್ಟಿದರು. ಆ ಅಂಕಿ ಕಾರ್ಖಾನೆಯ ಮಾದರಿ ಪರೀಕ್ಷೆಯಿಂದ ಬರಬೇಕು. ಗ್ಯಾರೇಜಿನ ಕಾರಿಗೆ ಅದೆಲ್ಲಿಂದ? ಹಾಗಾಗಿ ಅಂಥವಕ್ಕೆ ಇಂಜಿನ್ ಗಾತ್ರವೇ ಗತಿ: 1549 ಸಿಸಿವರೆಗೆ ಒಂದು ದರ, ದಾಟಿದರೆ ಇನ್ನೊಂದು. ಕಿಟ್ ಕಾರಿನವರು ತುಂಬಾ ಹಚ್ಚಿಕೊಂಡಿದ್ದ ಫೋರ್ಡಿನ 1600 ಸಿಸಿ ಇಂಜಿನ್ ಐವತ್ತು ಸಿಸಿಯಷ್ಟರಲ್ಲಿ ದುಬಾರಿ ಪಾಲಿಗೆ ಬೀಳುತ್ತೆ, ಪಾಪ. ಅಂದರೆ ಕಾರು ಯಾವುದು ಅಂತ ಹೇಳೋಕೆ ಇಂಜಿನ್ ಮಾತಿಗೆ ಬೆಲೆಯಿಲ್ಲ, ದುಡ್ಡು ಕೇಳೋಕೆ ಅದೊಂದೇ ಸಾಕ್ಷಿ.

ತೆರಿಗೆ ಕಟ್ಟಿದ್ದಕ್ಕೆ 1921ರಿಂದ ಗಾಡಿಯ ಮೇಲೆ ಒಂದು ದುಂಡನೆಯ ಕಾಗದದ ಬಿಲ್ಲೆ ತೋರಿಸಬೇಕಿತ್ತು. ಕಾರಾದರೆ ಮುಂದಿನ ಗಾಜಿಗೆ. ಕೆಲವು ಸೆವೆನ್‌ಗಳಿಗೆ ಆ ಗಾಜೇ ಇರಲ್ಲ ಅನ್ನಿ. 2014ರ ಅಕ್ಟೋಬರ್ 1ಕ್ಕೆ ಬಿಲ್ಲೆಯೇ ರದ್ದಾಗಿ, ಅವರ ಆ ಒಂದು ಚಿಂತೆ ಕಳೆಯಿತು.