ಮೇರಿಯನ್ ಡೇವಿಸ್: ಪ್ರತಿಭೆಗೆ ಅಡ್ಡಬಂದ ಪ್ರಸಿದ್ಧಿ

ಕಲಾವಿದರ ಪ್ರತಿಭೆಗೂ ಅವರಿಗೆ ದೊರೆಯುವ ಹೆಸರಿಗೂ ನಡುವೆ ಎಷ್ಟು ದೊಡ್ಡ ಅಂತರ ಬೆಳೆಯಬಹುದು ಎಂಬುದಕ್ಕೆ ಹಾಲಿವುಡ್‌ನ ಆರಂಭಕಾಲದ ನಟಿ ಮೇರಿಯನ್ ಡೇವಿಸ್ ಅವರ ವೃತ್ತಿಜೀವನದಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದು ಸಿಗುವುದು ಕಷ್ಟ. 1917ರಿಂದ 1937ರವರೆಗೆ, ಮೂಕಿಯ ಕಾಲದಲ್ಲೂ ವಾಕ್ಚಿತ್ರದ ಕಾಲದಲ್ಲೂ ನಾಯಕಿಯಾಗಿದ್ದು, ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರು ತಮ್ಮ ಮರಣಾನಂತರ ಬಹುಕಾಲ ಜನರ ನೆನಪಿನಲ್ಲಿ ಉಳಿದದ್ದು ತಾವು ನಟಿಸಿದ ಯಾವ ಚಿತ್ರದಿಂದಲೂ ಅಲ್ಲ, ತಾವು ನಟಿಸದೇ ಇದ್ದ ‘ಸಿಟಿಜನ್ ಕೇನ್’ ಎಂಬ ಒಂದು ಚಿತ್ರದಿಂದ. ಆ ಚಿತ್ರದಲ್ಲಿ ಬರುವ ಪ್ರತಿಭಾಹೀನ ಗಾಯಕಿಯೇ ಡೇವಿಸ್ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿತೆಂದರೆ, ಆಕೆಯ ಚಿತ್ರಗಳನ್ನು ನೋಡದವರೂ ಆಕೆಗೆ ನಟನೆ ಬರುತ್ತಿರಲಿಲ್ಲವೆಂದು ನಿಸ್ಸಂಕೋಚವಾಗಿ ಹೇಳುವಂತಾಯಿತು. ಆದರೆ ಉಳಿದುಬಂದಿರುವ ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಕಾಣುವ ಡೇವಿಸ್ ಬೇರೆಯೇ. ಅಮೆರಿಕದ ಹಾಸ್ಯಚಿತ್ರ ಪರಂಪರೆಯ ಮುಂಚೂಣಿಯಲ್ಲಿ ನಿಲ್ಲಬಲ್ಲ ಕಲಾವಿದೆ.

ಮೇರಿಯನ್ ಸಿಸಿಲಿಯಾ ಡೌರಸ್ ಎಂಬ ಹೆಸರಿನಲ್ಲಿ 1897ರ ಜನವರಿ 3ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಆಕೆ, ಅಕ್ಕಂದಿರ ಹಾದಿ ಹಿಡಿದು ಚಿಕ್ಕ ವಯಸ್ಸಿನಲ್ಲಿಯೇ ರಂಗಭೂಮಿಗೆ ಬಂದರು. ‘ಡೇವಿಸ್’ ಎಂಬುದು ಹಿರಿಯಕ್ಕ ರೀನ್ ಮೊದಲು ಇರಿಸಿಕೊಂಡು, ತಂಗಿಯರೂ ಬಳಸತೊಡಗಿದ ರಂಗನಾಮ. ಆ ಕಾಲದ ನ್ಯೂಯಾರ್ಕ್ ರಂಗಭೂಮಿಯಲ್ಲಿ ಕೋರಸ್ ಎಂದರೆ ಮುಖ್ಯ ಗಾಯಕ-ಗಾಯಕಿಯರ ಹಿಂದೆ ಸಾಲಾಗಿ ನಿಂತು ಹಾಡುತ್ತ ಕುಣಿಯುವ ಯುವತಿಯರ ತಂಡ. 1916ರಲ್ಲಿ ಡೇವಿಸ್ ಸೇರಿದ ‘ಝೀಗ್‌ಫೆಲ್ಡ್ ಫಾಲೀಸ್’ ಎಂಬ ವಾರ್ಷಿಕ ಸಂಗೀತ-ನೃತ್ಯ ಪ್ರದರ್ಶನ ಇಂತಹ ತಂಡಗಳಿಗೆ ಹೆಸರಾಗಿತ್ತು. ಬಾಲ್ಯದಿಂದಲೂ ಉಗ್ಗಿನ ತೊಂದರೆಯಿದ್ದ ಆಕೆಗೆ ಮಾತಿನ ಪಾತ್ರಗಳು ಸುಲಭವಾಗಿರಲಿಲ್ಲ. ಮಾತೇ ಬೇಕಿಲ್ಲದ ಸಿನಿಮಾ ಎಂಬ ಹೊಸ ಮಾಧ್ಯಮ ಆ ತೊಡಕನ್ನು ಒಮ್ಮೆಲೇ ನಿವಾರಿಸಿತು. 1917ರಲ್ಲಿ ತೆರೆಕಂಡ ಮೊದಲ ಚಿತ್ರ ‘ರನ್‌ಅವೇ ರೋಮನಿ’ಗೆ ಕಥೆ ಬರೆದವರೂ ಡೇವಿಸ್ ಅವರೇ ಎಂಬುದು ಗಮನಾರ್ಹ, ಏಕೆಂದರೆ ಬೇರೊಬ್ಬರ ಕೈಗೊಂಬೆಯಾಗಿ ಚಿತ್ರರಂಗಕ್ಕೆ ಬಂದವರೆಂದು ಮುಂದೆ ಆಕೆಯ ಬಗ್ಗೆ ಹಬ್ಬಿದ ಮಾತಿಗೆ ಈ ಆರಂಭ ಹೊಂದುವುದಿಲ್ಲ.

ಆಕೆಯ ಬದುಕಿನ ದಿಕ್ಕನ್ನು ಬದಲಿಸಿದವರು ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್. 1863ರಲ್ಲಿ ಹುಟ್ಟಿ, ಸ್ಯಾನ್‌ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿನವರೆಗೆ ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ದಿನಪತ್ರಿಕೆಗಳನ್ನು ಕಟ್ಟಿದ ಈ ಪತ್ರಿಕೋದ್ಯಮಿ ಡೇವಿಸ್‌ಗಿಂತ ಮೂವತ್ತನಾಲ್ಕು ವರ್ಷ ದೊಡ್ಡವರು, ವಿವಾಹಿತರು ಮತ್ತು ಐವರು ಗಂಡುಮಕ್ಕಳ ತಂದೆ. ಪತ್ನಿಯೊಂದಿಗೆ ಅವರ ವಿಚ್ಛೇದನ ಎಂದೂ ಆಗಲಿಲ್ಲ. ಡೇವಿಸ್ ಅವರೊಂದಿಗಿನ ಸಾಹಚರ್ಯ ಮಾತ್ರ 1951ರಲ್ಲಿ ಹರ್ಸ್ಟ್ ತೀರಿಕೊಳ್ಳುವವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಹರ್ಸ್ಟ್ ಸ್ಥಾಪಿಸಿದ ಕಾಸ್ಮೊಪಾಲಿಟನ್ ಪ್ರೊಡಕ್ಷನ್ಸ್ ಎಂಬ ಚಿತ್ರನಿರ್ಮಾಣ ಸಂಸ್ಥೆ 1918ರಿಂದ ಆಕೆಯ ಚಿತ್ರಗಳ ಬೆನ್ನಿಗೆ ನಿಂತಿತು. ಝೀಗ್‌ಫೆಲ್ಡ್ ಪ್ರದರ್ಶನಗಳಿಗೆ ರಂಗಸಜ್ಜಿಕೆ ರೂಪಿಸಿದ್ದ ವಿಯೆನ್ನಾ ಮೂಲದ ಜೋಸೆಫ್ ಅರ್ಬನ್ ಅವರನ್ನು ಕರೆತಂದು, ಅರಮನೆ ಬೀದಿಗಳನ್ನೆಲ್ಲ ಸ್ಟುಡಿಯೊದೊಳಗೆ ಕಟ್ಟಿಸಿ, ಹಣದ ಲೆಕ್ಕವಿಡದೆ ಚಿತ್ರಗಳನ್ನು ತಯಾರಿಸಲಾಯಿತು.

ಚಿತ್ರ ತಯಾರಾದ ಮೇಲೆ ಅದನ್ನು ಹೊಗಳುವ ಕೆಲಸವನ್ನು ಹರ್ಸ್ಟ್ ಪತ್ರಿಕೆಗಳು ವಹಿಸಿಕೊಂಡವು. ಬಿಡುಗಡೆಗೆ ಮುಂಚೆ ಜಾಹೀರಾತು, ಬಿಡುಗಡೆಯ ದಿನ ಪ್ರಶಂಸೆಯ ವಿಮರ್ಶೆ, ಆಮೇಲೆ ನಟಿಯ ಉಡುಪು, ಆಭರಣ, ಅತಿಥಿಗಳ ಕುರಿತ ವರದಿಗಳು, ಹೀಗೆ ಒಂದೇ ಹೆಸರು ಒಂದೇ ದಿನ ಹಲವು ನಗರಗಳಲ್ಲಿ ಅಚ್ಚಾಗುತ್ತಿತ್ತು. ಹೊಸ ನಟಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲವೆಂದು ಮೇಲುನೋಟಕ್ಕೆ ತೋರಿದರೂ, ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಮಾಲೀಕನ ಪತ್ರಿಕೆ ಮಾಲೀಕನ ಗೆಳತಿಯನ್ನು ಹೊಗಳುತ್ತಿದೆಯೆಂದು ಅರಿತ ಓದುಗ ನಿಜವಾದ ಮೆಚ್ಚುಗೆಯನ್ನೂ ಅನುಮಾನದಿಂದ ನೋಡತೊಡಗಿದ. ಚಿತ್ರ ಚೆನ್ನಾಗಿದ್ದಾಗ ಅದರ ಶ್ರೇಯಸ್ಸು ಹರ್ಸ್ಟ್ ಅವರ ಹಣಕ್ಕೆ ಸಂದಿತು, ಚೆನ್ನಾಗಿಲ್ಲದಾಗ ದೋಷವೆಲ್ಲ ನಟಿಯ ತಲೆಗೆ ಬಂತು.

ಹರ್ಸ್ಟ್ ಅವರ ಅಭಿರುಚಿಯೂ ಇದಕ್ಕೆ ಕೂಡಿಕೊಂಡಿತು. ಅವರಿಗೆ ಡೇವಿಸ್ ರಾಜಕುಮಾರಿಯಾಗಿ, ಕುಲೀನ ಕನ್ಯೆಯಾಗಿ, ಹಳೆಯ ಕಾಲದ ಬೆಲೆಬಾಳುವ ಉಡುಪಿನಲ್ಲಿ ಗಂಭೀರವಾಗಿ ಕಾಣಿಸಿಕೊಳ್ಳಬೇಕಿತ್ತು. 1922ರ ‘ವೆನ್ ನೈಟ್‌ಹುಡ್ ವಾಸ್ ಇನ್ ಫ್ಲವರ್’ ಚಿತ್ರದಲ್ಲಿ ಆಕೆ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ತಂಗಿ ಮೇರಿ ಟ್ಯೂಡರ್ ಆದರು. 1923ರ ‘ಲಿಟ್ಲ್ ಓಲ್ಡ್ ನ್ಯೂಯಾರ್ಕ್’ ಚಿತ್ರದಲ್ಲಿ, ಆಸ್ತಿಯ ಹಕ್ಕಿಗಾಗಿ ಅಣ್ಣನ ವೇಷ ತೊಟ್ಟು ಬರುವ ಐರಿಶ್ ಹುಡುಗಿಯಾದರು. ಎರಡೂ ಜನಪ್ರಿಯವಾದವು, ಎರಡರಲ್ಲೂ ಆಕೆ ಗಂಡುವೇಷದಲ್ಲಿ ಓಡಾಡುವ ಸನ್ನಿವೇಶಗಳಿವೆ. ರಾಣಿವಾಸದ ಉಡುಪಿನಲ್ಲಿ ಬಿಗಿಯಾಗಿ ತೋರುವ ಅದೇ ನಟಿ, ಹುಡುಗನ ನಡಿಗೆ, ಹುಸಿ ಧೈರ್ಯ, ಸಿಕ್ಕಿಬೀಳುವ ಭಯ ಇವುಗಳನ್ನು ತೋರಿಸಬೇಕಾದ ಕಡೆ ಚುರುಕಾಗುವುದನ್ನು ನೋಡಿದರೆ, ಆಕೆಯ ನಿಜವಾದ ಒಲವು ಯಾವ ಕಡೆಗಿತ್ತೆಂಬುದು ಆಗಲೇ ಗೊತ್ತಾಗುತ್ತದೆ.

1924ರಲ್ಲಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆ ರೂಪುಗೊಂಡಾಗ ಕಾಸ್ಮೊಪಾಲಿಟನ್ ಅದರೊಂದಿಗೆ ಸೇರಿ ಕೆಲಸ ಮಾಡತೊಡಗಿತು. ಸ್ಟುಡಿಯೊ ಡೇವಿಸ್‌ಗೆ ದೊಡ್ಡ ಸಂಬಳವನ್ನೂ ಹರ್ಸ್ಟ್ ಚಿತ್ರಗಳಿಗೆ ವಿತರಣೆಯನ್ನೂ ಒದಗಿಸುವುದು, ಪ್ರತಿಯಾಗಿ ಹರ್ಸ್ಟ್ ಪತ್ರಿಕೆಗಳು ಸ್ಟುಡಿಯೊದ ಚಿತ್ರಗಳಿಗೆಲ್ಲ ಪ್ರಚಾರ ಕೊಡುವುದು, ಇದು ಇಬ್ಬರಿಗೂ ಲಾಭದಾಯಕವಾದ ಏರ್ಪಾಡಾಗಿತ್ತು. ನಟಿಯ ದೃಷ್ಟಿಯಿಂದ ಅದರ ದೊಡ್ಡ ಫಲವೆಂದರೆ ನಿರ್ದೇಶಕ ಕಿಂಗ್ ವಿಡಾರ್ ಅವರೊಂದಿಗಿನ ಒಡನಾಟ. ಮೊದಲ ಮಹಾಯುದ್ಧ ಕುರಿತ ‘ದಿ ಬಿಗ್ ಪರೇಡ್’ ಚಿತ್ರದಿಂದ ಹೆಸರಾಗಿದ್ದ ವಿಡಾರ್ 1928ರಲ್ಲಿ ಡೇವಿಸ್ ಅವರೊಂದಿಗೆ ಎರಡು ಹಾಸ್ಯಚಿತ್ರಗಳನ್ನು ಮಾಡಿದರು. ಆಕೆಯ ಕಲೆಯ ಬಗೆಗಿನ ಯಾವ ವಿವೇಚನೆಯೂ ಈ ಎರಡರ ಮೇಲೆ ನಿಲ್ಲಬೇಕಾಗುತ್ತದೆ.

ಮೊದಲನೆಯದು ‘ದಿ ಪ್ಯಾಟ್ಸಿ’. ಮನೆಯಲ್ಲಿ ಎಲ್ಲರಿಂದಲೂ ಗದರಿಸಿಕೊಳ್ಳುವ, ಅಕ್ಕನನ್ನೇ ಮುದ್ದಿಸುವ ತಾಯಿಯ ಕಣ್ಣಿಗೆ ಬೀಳದ ಕಿರಿಯ ಮಗಳ ಕಥೆ ಇದು. ತಾಯಿಯ ಪಾತ್ರದಲ್ಲಿ ಮೇರಿ ಡ್ರೆಸ್ಲರ್ ಇದ್ದಾರೆ. ಕುಡಿದು ಮೈಮರೆತು ಬಿದ್ದಿರುವ ಶ್ರೀಮಂತ ಯುವಕನೊಬ್ಬನ ಗಮನ ಸೆಳೆಯಬೇಕಾದ ಪ್ರಸಂಗದಲ್ಲಿ, ಅವನ ಕೋಣೆಯಲ್ಲಿರುವ ನಟಿಯರ ಭಾವಚಿತ್ರಗಳನ್ನು ಕಂಡ ಹುಡುಗಿ ಅವರೊಬ್ಬೊಬ್ಬರನ್ನೂ ಅನುಕರಿಸತೊಡಗುತ್ತಾಳೆ. ತುಟಿಗಳನ್ನು ಮೊಗ್ಗಿನಂತೆ ಕೂಡಿಸಿ, ರೆಪ್ಪೆಗಳನ್ನು ಅರೆಮುಚ್ಚಿದಾಗ ಆಕೆ ಮೇ ಮರ‍್ರೆ. ತಲೆಯ ಮೇಲೆ ಬಟ್ಟೆ ಹೊದ್ದು, ಮುಖವನ್ನು ಕುಗ್ಗಿಸಿ, ಅನಾಥೆಯ ಅಳುಕನ್ನು ಕಣ್ಣಿಗೆ ತಂದುಕೊಂಡಾಗ ಲಿಲಿಯನ್ ಗಿಶ್. ಹುಬ್ಬು ಗಂಟಿಕ್ಕಿ, ಉರಿನೋಟ ಬೀರಿದಾಗ ಪೋಲಾ ನೆಗ್ರಿ. ಮೂವರೂ ಆಗ ಬದುಕಿದ್ದ, ಪ್ರೇಕ್ಷಕರಿಗೆ ಚೆನ್ನಾಗಿ ಪರಿಚಿತರಾಗಿದ್ದ ತಾರೆಯರು. ಮುಖದ ಕೆಲವೇ ಸ್ನಾಯುಗಳನ್ನು ಹೊಂದಿಸಿಕೊಂಡು ಒಬ್ಬರಿಂದ ಇನ್ನೊಬ್ಬರಿಗೆ ಹೊರಳುವ ಈ ದೃಶ್ಯ ಬರಿಯ ಅಣಕವಾಗಿ ನಿಲ್ಲುವುದಿಲ್ಲ. ಗಿಶ್ ಅವರ ಕರುಣರಸ ಕುಗ್ಗಿದ ಭುಜದಲ್ಲೂ ಮೇಲೆತ್ತಿದ ಕಣ್ಣಿನಲ್ಲೂ ಹುಟ್ಟುತ್ತದೆ, ನೆಗ್ರಿ ಅವರ ಮಾದಕತೆ ತಡೆದು ನಿಲ್ಲಿಸಿದ ನೋಟದಲ್ಲಿದೆ ಎಂದು ಗುರುತಿಸಿ, ಅದನ್ನು ತನ್ನ ಮೈಮೇಲೆ ತಂದುಕೊಳ್ಳಬಲ್ಲವರಿಗೆ ಮಾತ್ರ ಇದು ಸಾಧ್ಯ; ಅಂದರೆ, ಮೂಕಿ ಅಭಿನಯದ ವ್ಯಾಕರಣವನ್ನೇ ಬಲ್ಲ ನಟಿಯ ಕೆಲಸ ಇದು.

ಎರಡನೆಯದಾದ ‘ಷೋ ಪೀಪಲ್’ ಹಾಲಿವುಡ್ ತನ್ನನ್ನೇ ನೋಡಿಕೊಂಡು ನಕ್ಕ ಚಿತ್ರ. ಜಾರ್ಜಿಯಾ ರಾಜ್ಯದಿಂದ ತಂದೆಯೊಂದಿಗೆ ಹಳೆಯ ಕಾರಿನಲ್ಲಿ ಬಂದಿಳಿಯುವ ಪೆಗ್ಗಿ ಪೆಪ್ಪರ್ ಎಂಬ ಹುಡುಗಿ ಮಹಾನ್ ದುರಂತ ನಟಿಯಾಗಬೇಕೆಂಬ ಕನಸು ಹೊತ್ತವಳು. ಆದರೆ ಮೊದಲ ಚಿತ್ರದಲ್ಲೇ, ಏನು ನಡೆಯಲಿದೆಯೆಂಬ ಸುಳಿವೂ ಇಲ್ಲದೆ ನಿಂತಿರುವಾಗ, ಅವಳ ಮುಖಕ್ಕೆ ಸೋಡಾನೀರು ರಾಚುತ್ತದೆ. ಇಂತಹ ಎರಚಾಟ, ಬೀಳಾಟಗಳ ಹಾಸ್ಯವನ್ನು ಸ್ಲ್ಯಾಪ್‌ಸ್ಟಿಕ್ ಎನ್ನುತ್ತಾರೆ. ಆ ದೃಶ್ಯದಲ್ಲಿ ಮುಖಕ್ಕೆ ಬೀಳಬೇಕಿದ್ದುದು ಕೆನೆತುಂಬಿದ ಕಡುಬು. ಡೇವಿಸ್‌ಗೆ ಅಂತಹ ಅಗೌರವ ಕೂಡದೆಂದು ಹರ್ಸ್ಟ್ ಒಪ್ಪದಿದ್ದುದರಿಂದ ಸೋಡಾನೀರಿಗೆ ರಾಜಿಯಾಗಬೇಕಾಯಿತೆಂದು ವಿಡಾರ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹರ್ಸ್ಟ್ ಕಾಪಾಡಬಯಸಿದ ಘನತೆಗೂ ನಟಿಗೆ ಒಲಿದಿದ್ದ ಹಾಸ್ಯಕ್ಕೂ ನಡುವಿನ ಘರ್ಷಣೆಯನ್ನು ಇದಕ್ಕಿಂತ ನೇರವಾಗಿ ತೋರಿಸುವ ಸಂಗತಿ ಇಲ್ಲ. ನೀರು ಮುಖಕ್ಕೆ ಬಿದ್ದ ಗಳಿಗೆಯಲ್ಲಿ ಡೇವಿಸ್ ತೋರುವ ದಿಗ್ಭ್ರಮೆ, ಅದು ಅವಮಾನವಾಗಿ, ಅವಮಾನ ಅಳುವಾಗಿ ಮಾರ್ಪಡುವ ಬಗೆ, ನಗುತ್ತಿರುವ ಪ್ರೇಕ್ಷಕರಿಗೆ ಹುಡುಗಿಯ ಮೇಲೆ ಕನಿಕರ ಹುಟ್ಟಿಸುತ್ತದೆ. ಇದೇ ಚಿತ್ರದಲ್ಲಿ ಚಾರ್ಲಿ ಚಾಪ್ಲಿನ್ ವೇಷವಿಲ್ಲದೆ ಬಂದು ಪೆಗ್ಗಿಯ ಹಸ್ತಾಕ್ಷರ ಕೇಳಿದಾಗ ಅವಳು ಅವರನ್ನು ಗುರುತಿಸುವುದಿಲ್ಲ. ಸ್ಟುಡಿಯೊದ ಅಂಗಳದಲ್ಲಿ ಕಾರಿನಿಂದಿಳಿಯುವ ಮೇರಿಯನ್ ಡೇವಿಸ್ ಎಂಬ ತಾರೆಯನ್ನು ಕಂಡು ಮುಖ ಸಿಂಡರಿಸುತ್ತಾಳೆ. ಆ ತಾರೆಯಾಗಿ ಕಾಣಿಸಿಕೊಂಡವರೂ ಡೇವಿಸ್ ಅವರೇ. ಪತ್ರಿಕೆಗಳು ಕಟ್ಟಿದ ತನ್ನ ಭವ್ಯ ಬಿಂಬವನ್ನು ತಾನೇ ಹೀಗೆ ಲಘುವಾಗಿ ಕಾಣುವ ಧೈರ್ಯ ಆ ಕಾಲದ ತಾರೆಯರಲ್ಲಿ ವಿರಳವಾಗಿತ್ತು.

ವಾಕ್ಚಿತ್ರ ಬಂದಾಗ ಉಗ್ಗಿನ ಕಾರಣದಿಂದ ಆಕೆಯ ವೃತ್ತಿ ಮುಗಿಯಬಹುದೆಂಬ ಆತಂಕವಿತ್ತು. ಆದರೆ 1929ರ ‘ಮೇರಿಯಾನ್’ ಚಿತ್ರದಲ್ಲಿ ಫ್ರೆಂಚ್ ಹಳ್ಳಿಯ ಹುಡುಗಿಯಾಗಿ, ಫ್ರೆಂಚ್ ಧಾಟಿಯ ಇಂಗ್ಲಿಷಿನಲ್ಲಿ ಮಾತನಾಡಿ, ಹಾಡಿ, ಆಕೆ ಆ ಪರೀಕ್ಷೆ ದಾಟಿದರು. ಆ ನಂತರದ ವರ್ಷಗಳಲ್ಲಿ ಬಿಂಗ್ ಕ್ರಾಸ್ಬಿ, ಗ್ಯಾರಿ ಕೂಪರ್, ಕ್ಲಾರ್ಕ್ ಗೇಬಲ್ ಅವರಂತಹ ನಟರು ಆಕೆಯೊಂದಿಗೆ ಅಭಿನಯಿಸಿದರು. ಹರ್ಸ್ಟ್ ಆಕೆಗಾಗಿ ಬಯಸಿದ ಗಂಭೀರ ಪಾತ್ರಗಳು ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್ ಅವರ ಪತ್ನಿ ನಾರ್ಮಾ ಷಿಯರರ್ ಪಾಲಾದಾಗ, ಕಾಸ್ಮೊಪಾಲಿಟನ್ ಮತ್ತು ಡೇವಿಸ್ ವಾರ್ನರ್ ಬ್ರದರ್ಸ್ ಸ್ಟುಡಿಯೊಗೆ ಹೋದರು. ಅಲ್ಲಿನ ನಾಲ್ಕು ಚಿತ್ರಗಳಲ್ಲಿ ಹಳೆಯ ಹುರುಪು ಅಲ್ಲಲ್ಲಿ ಮಾತ್ರ ಕಾಣುತ್ತದೆ. 1937ರ ‘ಎವರ್ ಸಿನ್ಸ್ ಈವ್’ ಆಕೆಯ ಕೊನೆಯ ಚಿತ್ರ. ಅದೇ ಅವಧಿಯಲ್ಲಿ ಹರ್ಸ್ಟ್ ಸಾಲದಲ್ಲಿ ಮುಳುಗಿದಾಗ, ಆಕೆ ತನ್ನ ಆಸ್ತಿ, ಆಭರಣಗಳನ್ನು ನಗದು ಮಾಡಿ 10 ಲಕ್ಷ ಡಾಲರ್ ಒದಗಿಸಿದರು.

1941ರ ಮೇ 1ರಂದು ನ್ಯೂಯಾರ್ಕಿನಲ್ಲಿ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ ಮೊದಲ ಪ್ರದರ್ಶನ ಕಂಡಿತು. ಅದರ ನಾಯಕ ಚಾರ್ಲ್ಸ್ ಫಾಸ್ಟರ್ ಕೇನ್ ಪತ್ರಿಕಾ ಸಾಮ್ರಾಜ್ಯದ ಒಡೆಯ. ಅವನ ಎರಡನೆಯ ಹೆಂಡತಿ ಸೂಸನ್ ಅಲೆಕ್ಸಾಂಡರ್ ಕಂಠವಿಲ್ಲದಿದ್ದರೂ ಗಂಡನ ಹಠಕ್ಕೆ ಮಣಿದು ಅಪೆರಾ ಗಾಯಕಿಯಾಗಲು ಹೊರಟು ನಗೆಪಾಟಲಾಗುವವಳು. ಚಿತ್ರಕಥೆಯ ಸಹಲೇಖಕ ಹರ್ಮನ್ ಮ್ಯಾಂಕೀವಿಚ್ ಸ್ಯಾನ್ ಸಿಮಿಯೋನ್‌ನಲ್ಲಿದ್ದ ಹರ್ಸ್ಟ್ ಅವರ ಬೆಟ್ಟದ ಅರಮನೆಗೆ ಅತಿಥಿಯಾಗಿ ಹೋಗಿಬಂದವರು. ಅರಮನೆಯ ಏಕಾಂತ, ಚಿತ್ರದ ತುಣುಕುಗಳನ್ನು ಜೋಡಿಸುವ ಆಟ, ಕುಡಿತ, ಇವು ಡೇವಿಸ್ ಅವರ ಬದುಕಿನಿಂದ ಸೂಸನ್ ಪಾತ್ರಕ್ಕೆ ಬಂದವು. ಅಪೆರಾದ ಕಥೆ ಬಂದದ್ದು ಬೇರೆ ಕಡೆಯಿಂದ. ಆ ಕಾಲದ ಷಿಕಾಗೊದ ಧನಿಕರು ತಮ್ಮ ಹೆಂಡತಿಯರ ಕಲಾಜೀವನಕ್ಕಾಗಿ ಹಣ ಸುರಿದ ಪ್ರಸಂಗಗಳು ಅದಕ್ಕೆ ಹತ್ತಿರವಾಗಿವೆ. ಹರ್ಸ್ಟ್ ಪತ್ರಿಕೆಗಳು ಚಿತ್ರದ ಜಾಹೀರಾತನ್ನೂ ನಿರಾಕರಿಸಿ ಬಹಿಷ್ಕಾರ ಹೂಡಿದ್ದರಿಂದ, ಚಿತ್ರದ ಪ್ರತಿಯೊಂದು ಅಂಶವೂ ನಿಜವೇ ಇರಬೇಕೆಂಬ ಭಾವನೆ ಜನರಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಆಮೇಲಿನ ಅರ್ಧ ಶತಮಾನದಲ್ಲಿ ಎರಡು ಪ್ರಕ್ರಿಯೆಗಳು ಏಕಕಾಲಕ್ಕೆ ನಡೆದವು. ಡೇವಿಸ್ 1961ರ ಸೆಪ್ಟೆಂಬರ್ 22ರಂದು ತೀರಿಕೊಂಡರು. ಮರುವರ್ಷವೇ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರಿಂದ ಮತ ಪಡೆದು ಪ್ರಕಟಿಸಿದ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ‘ಸಿಟಿಜನ್ ಕೇನ್’ ಮೊದಲ ಸ್ಥಾನಕ್ಕೇರಿ, ಹತ್ತು ವರ್ಷಕ್ಕೊಮ್ಮೆ ನಡೆಯುವ ಆ ಗಣನೆಯಲ್ಲಿ 2012ರವರೆಗೆ ಅಲ್ಲಿಯೇ ನಿಂತಿತು. ಆ ಚಿತ್ರವನ್ನು ಸಿನಿಮಾದ ವಿದ್ಯಾರ್ಥಿಗಳೆಲ್ಲ ನೋಡಿದರು. ಡೇವಿಸ್ ಅವರ ಮೂಕಿಗಳನ್ನು ನೋಡುವ ಅವಕಾಶ ಬಹಳ ಕಡಿಮೆ ಜನರಿಗಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಆ ದೇಶದಲ್ಲಿ ಬಿಡುಗಡೆಯಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇಕಡ 14 ಮಾತ್ರ. ಬೇಗ ಹೊತ್ತಿಕೊಳ್ಳುವ ಮತ್ತು ಕಾಲಕ್ರಮದಲ್ಲಿ ಕೊಳೆಯುವ ನೈಟ್ರೇಟ್ ಫಿಲ್ಮ್ ಹಾಗೂ ಹಳೆಯ ಚಿತ್ರಗಳ ಬಗ್ಗೆ ಸ್ಟುಡಿಯೊಗಳಿಗಿದ್ದ ಅನಾದರ ಇದಕ್ಕೆ ಕಾರಣ. ಸಾಕ್ಷ್ಯ ಕಣ್ಮರೆಯಾದ ಕಡೆ ವದಂತಿಯೇ ತೀರ್ಪಾಯಿತು.

ತಿದ್ದುಪಡಿಯ ಮೊದಲ ದೊಡ್ಡ ಮಾತು ಬಂದದ್ದು ವೆಲ್ಸ್ ಅವರಿಂದಲೇ. ಡೇವಿಸ್ ಧ್ವನಿಮುದ್ರಿಸಿಟ್ಟಿದ್ದ ನೆನಪುಗಳು 1975ರಲ್ಲಿ ‘ದಿ ಟೈಮ್ಸ್ ವಿ ಹ್ಯಾಡ್’ ಎಂಬ ಪುಸ್ತಕವಾದಾಗ, ಅದಕ್ಕೆ ಮುನ್ನುಡಿ ಬರೆದ ವೆಲ್ಸ್, ಸೂಸನ್‌ಗೂ ಡೇವಿಸ್‌ಗೂ ಹೋಲಿಕೆಯಿಲ್ಲವೆಂದೂ, ಹರ್ಸ್ಟ್ ಇಲ್ಲದಿದ್ದರೂ ಆಕೆ ತಾರೆಯಾಗುತ್ತಿದ್ದರೆಂದೂ ಸ್ಪಷ್ಟಪಡಿಸಿದರು. ಮೂಕಿ ಚಿತ್ರಗಳ ಪುನರುದ್ಧಾರ ಆ ಮಾತಿಗೆ ಆಧಾರ ಒದಗಿಸಿತು: ‘ಷೋ ಪೀಪಲ್’ 2003ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು, ‘ವೆನ್ ನೈಟ್‌ಹುಡ್ ವಾಸ್ ಇನ್ ಫ್ಲವರ್’ ಸಂಗೀತಗಾರ ಬೆನ್ ಮಾಡೆಲ್ ಅವರ ಆರ್ಗನ್ ವಾದನದೊಂದಿಗೆ ಡಿಸ್ಕಿನಲ್ಲಿ ಮರಳಿ ಪ್ರೇಕ್ಷಕರ ಕೈಸೇರಿತು.

ಹಾಗೆಂದು ಡೇವಿಸ್ ಎಲ್ಲ ಬಗೆಯ ಪಾತ್ರಗಳಲ್ಲೂ ಸಮಾನ ಸಾಮರ್ಥ್ಯ ತೋರಿದರೆಂದು ಹೇಳಲಾಗದು. ಆಕೆಯ ಗಂಭೀರ ಚಿತ್ರಗಳಲ್ಲಿ ವೇಷಭೂಷಣದ ಭಾರಕ್ಕೆ ಅಭಿನಯ ನಲುಗಿದೆ. ಗಿಶ್ ಅವರ ಭಾವತೀವ್ರತೆ ಆಕೆಯದಲ್ಲ. ಆದರೆ ಸುಂದರಿಯಾದ ನಾಯಕಿಯೇ ಪೆಟ್ಟು ತಿಂದು, ಮುಗ್ಗರಿಸಿ, ಮುಖ ಕಿವುಚಿ ನಗಿಸುವ, ಆದರೂ ಪ್ರೇಕ್ಷಕರ ಪ್ರೀತಿ ಉಳಿಸಿಕೊಳ್ಳುವ ಪರಂಪರೆ 1930ರ ದಶಕದ ಕ್ಯಾರೊಲ್ ಲೊಂಬಾರ್ಡ್‌ರಲ್ಲೂ ಟೆಲಿವಿಷನ್ ಕಾಲದ ಲೂಸಿಲ್ ಬಾಲ್‌ರಲ್ಲೂ ಅರಳಿದ್ದನ್ನು ಬಲ್ಲವರು, ಮೇಬಲ್ ನಾರ್ಮಂಡ್ ಅವರ ನಂತರ ಅದನ್ನು ಮುಂದಕ್ಕೆ ಒಯ್ದವರಲ್ಲಿ ಡೇವಿಸ್ ಅವರ ಹೆಸರನ್ನು ಸೇರಿಸಲೇಬೇಕು. ಪತ್ರಿಕೆಗಳ ಅತಿಸ್ತುತಿಯೂ ಒಂದು ಮಹಾಚಿತ್ರ ಹುಟ್ಟಿಸಿದ ಅಪನಿಂದೆಯೂ ಸೇರಿ ಮರೆಮಾಡಿದ ಈ ನಟಿಯ ವಿಷಯದಲ್ಲಿ, ಕಲಾವಿದೆಯ ಮೌಲ್ಯಮಾಪನ ಆಕೆಯ ಕೃತಿಯಿಂದಲೇ ಆರಂಭವಾಗಬೇಕೆಂಬ ಸರಳ ನಿಯಮವನ್ನು ಚಿತ್ರ ಇತಿಹಾಸಕಾರರು ತಡವಾಗಿಯಾದರೂ ಪಾಲಿಸಿದ್ದಾರೆ. ಉಳಿದಿರುವ ರೀಲುಗಳು ಆಕೆಯ ಪರವಾಗಿ ಸಾಕ್ಷ್ಯ ನುಡಿಯಲು ಸಾಕಾಗುವಷ್ಟಿವೆ.