ನಕಲು ಎಂಬ ಮಾತಿನ ಸಾಗಾಟ

ಕನ್ನಡದಲ್ಲಿ ‘ನಕಲು’ ಎಂಬ ಪದ ಎರಡು ಬಗೆಯ ಬಾಳನ್ನು ಬಾಳುತ್ತಿದೆ. ನ್ಯಾಯಾಲಯದಲ್ಲಿಯೂ ತಾಲ್ಲೂಕು ಕಚೇರಿಯಲ್ಲಿಯೂ ಮೊಹರು ಬಿದ್ದ ದೃಢೀಕೃತ ನಕಲಿಗೆ ಮಾನ್ಯತೆಯುಂಟು. ಪರೀಕ್ಷೆಯ ಕೊಠಡಿಯಲ್ಲಿ ಅದೇ ನಕಲು ಅಪರಾಧವಾಗುತ್ತದೆ, ‘ನಕಲಿ’ ಎಂದು ರೂಪ ಬದಲಿಸಿದರಂತೂ ವಂಚನೆಯೇ ಆಗುತ್ತದೆ. ಆಡಳಿತದ ಫಾರಸಿಯ ಮೂಲಕ ‘ಅಸಲು’ ಪದದಂತೆಯೇ ಕನ್ನಡಕ್ಕೆ ಬಂದ ಈ ಮಾತಿನ ಬೇರು ಅರಬ್ಬಿಯಲ್ಲಿದ್ದು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬುದೇ ಅಲ್ಲಿ ಅದರ ಮೊದಲ ಅರ್ಥ. ಸಂಸ್ಕೃತದಿಂದ ಬಂದ ‘ಪ್ರತಿ’ಗೆ ಇಂಥ ಕಳಂಕ ತಟ್ಟಲಿಲ್ಲ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೇ ಅತ್ತಿಮಬ್ಬೆಯನ್ನು ನಾಡು ಇಂದಿಗೂ ನೆನೆಯುತ್ತದೆ.

ಇದೇ ನಕಲು ಈಗ ಗಣಕಕ್ಕೂ ಬಂದಿದೆ. ಅಲ್ಲಿನ ‘ನಕಲಿಸು’, ‘ಅಂಟಿಸು’ ಎಂಬ ಆದೇಶಗಳ ಹಿಂದೆ ಇರುವುದು, ಹಸ್ತಪ್ರತಿಯ ತುಂಡುಗಳನ್ನು ಕತ್ತರಿಸಿ ಗೋಂದಿನಿಂದ ಹೊಂದಿಸುತ್ತಿದ್ದ ಸಂಪಾದಕರ ಮೇಜು. 1970ರ ದಶಕದ ನಡುವಿನಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅವರು ‘ಜಿಪ್ಸಿ’ ಎಂಬ ಬರವಣಿಗೆಯ ತಂತ್ರಾಂಶವನ್ನು ರೂಪಿಸುವಾಗ ಈ ಕೆಲಸಗಳನ್ನು ಗಣಕಕ್ಕೆ ಒಗ್ಗಿಸಿದರು. ಆದರೆ ಇಲ್ಲಿ ಅಂಟುವುದು ಕಾಗದದ ತುಂಡಲ್ಲ. ನಕಲಿಸಿದ ಪಠ್ಯವು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ನೆನಪಿನ ಜಾಗದಲ್ಲಿ ಹಲವು ರೂಪಗಳಲ್ಲಿ ಕೂತಿರುತ್ತದೆ. ಒಂದರಲ್ಲಿ ಫಾಂಟು, ಬಣ್ಣ, ಗಾತ್ರಗಳೂ ಇದ್ದರೆ ಇನ್ನೊಂದರಲ್ಲಿ ಬರಿಯ ಅಕ್ಷರಗಳ ಸಂಕೇತಗಳಿರುತ್ತವೆ. ನೋಟ್‌ಪ್ಯಾಡಿನಂಥ ಸಾದಾ ಪಠ್ಯ ಸಂಪಾದಕವು ಈ ಎರಡನೆಯದನ್ನಷ್ಟೇ ತೆಗೆದುಕೊಳ್ಳುವುದರಿಂದ, ಬೇಡದ ಅಲಂಕಾರವನ್ನು ಕಳಚಲು ಪಠ್ಯವನ್ನು ಅದರ ಮೂಲಕ ಹಾಯಿಸಿ ಬೇರೆಡೆಗೆ ಒಯ್ಯುವ ರೂಢಿ ಬೆಳೆದಿದೆ.

‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡವನ್ನು ಹೀಗೆ ಹಾಯಿಸಿದಾಗ ಮಾತ್ರ ಅಲಂಕಾರದೊಡನೆ ಕನ್ನಡವೂ ಕಳಚಿ, ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲು ಉಳಿಯುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಕಕಾರದ ತಲೆಕಟ್ಟಿಲ್ಲದ ಒಡಲು ಕೂತಿರುವುದು ಇಂಗ್ಲಿಷಿನ ‘ಪಿ’ಗೆ ಮೀಸಲಾದ 80ನೆಯ ಸಂಕೇತದಲ್ಲಿ, ಅದು ಕಕಾರವೆಂದು ಫಾಂಟಿಗಷ್ಟೇ ಗೊತ್ತು, ಗಣಕಕ್ಕೆ ಗೊತ್ತಿಲ್ಲ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯುಂಟು. ಹಳೆಯ ಕಡತಗಳಲ್ಲಿ ಉಳಿದ ಅಪಾರ ಬರಹ ಹುಡುಕಾಟಕ್ಕೆ ಸಿಗಬೇಕಾದರೆ ಅದನ್ನು ನಕಲಿಸಿದರೆ ಸಾಲದು, ಪರಿವರ್ತಕ ತಂತ್ರಾಂಶದಿಂದ ಸಂಕೇತಗಳನ್ನೇ ಬದಲಿಸಬೇಕು. ಇದು ತುರ್ತಾಗಿ ಆಗಬೇಕಾದ ಕನ್ನಡದ ಕೆಲಸ.

ಈ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವುದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ರೇಫದ, ಅಂದರೆ ರಕಾರದ, ಉಚ್ಚಾರಣೆ ಯಕಾರಕ್ಕಿಂತ ಮೊದಲು, ಬರವಣಿಗೆಯಲ್ಲಿ ಅದರ ಗುರುತಾದ ಅರ್ಕಾವತ್ತು ಯಕಾರದ ನಂತರ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದರೆ ಯೂನಿಕೋಡು ಕಿವಿಗೆ ಕೇಳುವ ಕ್ರಮವನ್ನು ಹಿಡಿಯುತ್ತದೆ; ಆದ್ದರಿಂದ ಪರಿವರ್ತಕವು ಆ ರೇಫವನ್ನು ಎತ್ತಿ ಯಕಾರದ ಹಿಂದಿನಿಂದ ಮುಂದಕ್ಕೆ ಸಾಗಿಸಬೇಕಾಗುತ್ತದೆ.