ಮುಖ ಬದಲಾಯಿಸಿದ ಗಡಿಯಾರ

ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ ನಮ್ಮ ತಾತ ಬಿಟ್ಟುಹೋದ ವಸ್ತುಗಳಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಎಚ್‌ಎಂಟಿ ಕೈಗಡಿಯಾರ. ಕಪ್ಪು ಮುಖ, ದಪ್ಪ ಬಿಳಿ ಅಂಕಿಗಳು, ಕೆಳಗೆ ‘ಪೈಲಟ್’ ಎಂಬ ಹೆಸರು. ಬೆಳಿಗ್ಗೆ ಎದ್ದು ಕೀ ಕೊಟ್ಟರೆ ಮರುದಿನ ಬೆಳಿಗ್ಗೆಯವರೆಗೂ ತಪ್ಪದೆ ಓಡುತ್ತಿದ್ದ ಅದು ಈಚೆಗೆ ಒಂದು ದಿನ ನಿಂತುಹೋಯಿತು. ವರದಿಗಾರಿಕೆಯ ಕೆಲಸಕ್ಕೆಂದು ಕೃಷ್ಣರಾಜಪೇಟೆಗೆ ಹೋದಾಗ, ಅಂಗಡಿಯೊಂದರ ಜಗಲಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದ ತುದಿಯಿಂದ ಒಳಗೆಲ್ಲ ಮುಟ್ಟಿ ನೋಡಿದರು. ಆಮೇಲೆ ಮುಂಬದಿಯನ್ನೂ ತಿರುಗಿಸಿ ನೋಡಿ, “ಮೆಷಿನ್ನು ಎಚ್ಚೆಂಟಿದೇ ಕಣಪ್ಪ, ಮಕ ಮಾತ್ರ ಬೇರೆ. ಇದು ಹುಟ್ಟಿದ್ದು ಜನತಾ. ಯಾರೋ ಪೈಲಟ್ ಮಾಡವ್ರೆ” ಎಂದರು.

ನನಗೆ ಮುಖ ಸಣ್ಣದಾಯಿತು. ತಾತನ ಗಡಿಯಾರ ನಕಲಿಯೇ?

ಈ ಪ್ರಶ್ನೆಯ ಬೆನ್ನುಹತ್ತಿ ಹೋದವನಿಗೆ ಸಿಕ್ಕಿದ್ದು ಒಂದು ವಿಚಿತ್ರ ಲೋಕ. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರಂತೆ ಗಡಿಯಾರ ಸಂಗ್ರಹಿಸುವವರಿದ್ದಾರೆ. ಅವರಲ್ಲಿ ಕೆಲವರು ಅಸಲಿಯ ಬದಲು ಅಸಲಿಯಂತೆ ಕಾಣುವುದನ್ನೇ ಕೂಡಿಡುತ್ತಾರೆ. ಸ್ವಿಟ್ಜರ್‌ಲೆಂಡಿನ ರೋಲೆಕ್ಸ್ ಕಂಪನಿಯ ಸಬ್‌ಮರೀನರ್ ಎಂಬ ಗಡಿಯಾರ 1953ರದು. ಇಂದು ಅದರ ಬೆಲೆಗೆ ನಮ್ಮ ಕಡೆ ಒಂದು ಕಾರನ್ನೇ ಕೊಳ್ಳಬಹುದು. ಅದರ ಪ್ರತಿರೂಪಗಳು ಚೀನಾದಿಂದ ಬರುತ್ತವೆ. ಅವುಗಳ ಮುಳ್ಳು ಬದಲಿಸಿ, ಗಾಜು ಬದಲಿಸಿ, ಒಳಗಿನ ಮೆಷಿನ್ನನ್ನೂ ಬದಲಿಸಿ, ಅಸಲಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ತರುವುದು ಕೆಲವರ ಹವ್ಯಾಸ. ಇನ್ನು ಕೆಲವರು ಜಪಾನಿನ ಸೀಕೋ ಗಡಿಯಾರ ಕೊಂಡು, ಬಿಡಿಭಾಗ ತರಿಸಿ, ತಮಗೆ ಬೇಕಾದ ರೂಪ ಕೊಟ್ಟುಕೊಳ್ಳುತ್ತಾರೆ. ಅದರ ಮುಖದ ಮೇಲೆ ಮಾತ್ರ ಬೇರೆಯವರ ಹೆಸರು ಬರೆಸುವುದಿಲ್ಲ. ಹಲವು ಗಡಿಯಾರಗಳ ಅಂಗಾಂಗ ಸೇರಿಸಿ ಮಾಡಿದ್ದಕ್ಕೆ ಈ ವಲಯದಲ್ಲಿ ‘ಫ್ರಾಂಕನ್’ ಎನ್ನುತ್ತಾರೆ. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಹೆಣಗಳ ತುಂಡು ಜೋಡಿಸಿ ಜೀವ ಕೊಟ್ಟ ಫ್ರಾಂಕೆನ್‌ಸ್ಟೈನನಿಂದ ಬಂದ ಹೆಸರು. ತಾತನ ಗಡಿಯಾರ ಆ ಜಾತಿಗೆ ಸೇರಿದ್ದು.

ನಕಲಿನ ಕಥೆಗೆ ನಮ್ಮ ಜಿಲ್ಲೆಯವರು ಚೀನಾದವರೆಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. ಅಲ್ಲಿ ಕೋಟೆ ನೋಡಲು ಬಂದವರ ಕೈಗೆ ‘ಟಿಪ್ಪು ಕಾಲದ ನಾಣ್ಯ’ ತುರುಕುವವರ ಮಾತಲ್ಲ ನಾನು ಹೇಳುತ್ತಿರುವುದು. ಆ ನಾಣ್ಯಗಳ ವಯಸ್ಸು ಕೊಳ್ಳುವವರಿಗಿಂತ ಮಾರುವವರಿಗೇ ಚೆನ್ನಾಗಿ ಗೊತ್ತು! ಹೇಳಹೊರಟಿದ್ದು ಟಿಪ್ಪು ಸುಲ್ತಾನನ ವಿಷಯ. ಯೂರೋಪಿನವರ ಬಂದೂಕು, ಗಾಜು, ಗಡಿಯಾರಗಳನ್ನು ಕೊಳ್ಳುವುದಕ್ಕಿಂತ ಅವನ್ನು ಇಲ್ಲೇ ಮಾಡುವುದನ್ನು ಕಲಿಯಬೇಕೆಂಬ ಹಟ ಅವನಿಗಿತ್ತು. 1786ರಲ್ಲಿ ತುರ್ಕಿಯ ಸುಲ್ತಾನನಲ್ಲಿಗೆ ಹೊರಟ ರಾಯಭಾರಿಗಳಿಗೆ ಅವನು ಕೊಟ್ಟ ಸೂಚನೆಗಳಲ್ಲಿ ಬಂದೂಕು, ಗಾಜು ಮಾಡುವವರ ಜೊತೆಗೆ ಗಡಿಯಾರ ಮಾಡುವವರನ್ನೂ ಕರೆತರಬೇಕೆಂಬ ಮಾತಿದೆ. ಮರುವರ್ಷ ಪಾಂಡಿಚೇರಿಯಿಂದ ಹಡಗು ಹತ್ತಿದ ಇನ್ನೊಂದು ತಂಡ 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡಿತು. ಅಲ್ಲಿಯೂ ಕೇಳಿದ ಕುಶಲಕರ್ಮಿಗಳ ಪಟ್ಟಿಯಲ್ಲಿ ಗಡಿಯಾರದವರಿದ್ದರು. ರಾಯಭಾರಿಗಳು 1789ರಲ್ಲಿ ಹಿಂತಿರುಗುವಾಗ ಫ್ರೆಂಚ್ ಕುಶಲಕರ್ಮಿಗಳ ಒಂದು ಗುಂಪು ಅವರ ಜೊತೆ ಬಂತು.

ಫ್ರೆಂಚರು ಈ ಸೀಮೆಗೆ ಹೊಸಬರೇನೂ ಆಗಿರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ನೆರವಿಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯನ್ನು ಇಂಗ್ಲಿಷರು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ರೈಲ್ವೆ ನಿಲ್ದಾಣದ ಹಲಗೆಯ ಮೇಲೂ ಬಹುಕಾಲ ಇದ್ದ ಆ ಹೆಸರು ಹೋಗಿ ಪಾಂಡವಪುರ ಬಂತು. ಊರುಗಳಿಗೂ ಮುಖ ಬದಲಾಯಿಸುವುದುಂಟು.

ಟಿಪ್ಪುವಿನ ಕಾಲದ ಬೆರಕೆ ಕೆಲಸಕ್ಕೆ ಬಹು ಪ್ರಸಿದ್ಧ ಸಾಕ್ಷಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಅದು. ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಸಿಪಾಯಿ ನರಳುತ್ತಾನೆ. ಕೆತ್ತನೆ, ಬಣ್ಣ ಎಲ್ಲ ಇಲ್ಲಿಯದು. ಹೊಟ್ಟೆಯೊಳಗಿನ ಯಂತ್ರದಲ್ಲಿ ಫ್ರೆಂಚರ ಕೈವಾಡ ಇರಬಹುದೆಂದು ವಿದ್ವಾಂಸರ ಊಹೆ. ಅದನ್ನು ಯಾರೂ ನಕಲಿ ಎನ್ನುವುದಿಲ್ಲ.

ಸ್ವಾರಸ್ಯವೆಂದರೆ, ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನಲ್ಲಿದ್ದಾಗ ಯೂರೋಪು ಸ್ವತಃ ನಕಲಿ ಗಡಿಯಾರಗಳ ಸಂತೆಯಾಗಿತ್ತು. ಆಗ ಲಂಡನ್ನಿನ ಗಡಿಯಾರಕ್ಕೆ ದೊಡ್ಡ ಹೆಸರು. ಆದ್ದರಿಂದ ಬೇರೆ ದೇಶಗಳಲ್ಲಿ ಅಗ್ಗವಾಗಿ ಮಾಡಿದ ಗಡಿಯಾರದ ಮೇಲೆ ಲಂಡನ್ ಕರ್ಮಿಯ ಹೆಸರು ಕೊರೆದು ಮಾರುತ್ತಿದ್ದರು. ಪ್ಯಾರಿಸ್ಸಿನ ಮಹಾ ಕುಶಲಿ ಬ್ರೆಗೆಯ ಹೆಸರನ್ನಂತೂ ಎಷ್ಟು ಮಂದಿ ಕದ್ದರೆಂದರೆ, ಅವನು 1795ರ ಸುಮಾರಿಗೆ ಗುಟ್ಟಿನ ಸಹಿಯೊಂದನ್ನು ಬಳಕೆಗೆ ತಂದ. ಮುಖದ ಮೇಲೆ ಹನ್ನೆರಡರ ಅಂಕಿಯ ಹತ್ತಿರ ಕೂದಲೆಳೆಯಷ್ಟು ತೆಳುವಾಗಿ ಕೊರೆದ ಆ ಸಹಿ ಬೆಳಕು ಓರೆಯಾಗಿ ಬಿದ್ದಾಗಲಷ್ಟೆ ಕಾಣುತ್ತಿತ್ತು. ರಾಣಿ ಮೇರಿ ಆಂಟೊನೆಟ್‌ಗೆಂದು 1783ರಲ್ಲಿ ಅವನ ಕೈಗೆ ಬಂದ ಗಡಿಯಾರದ ಕೆಲಸ ಮುಗಿದದ್ದು 1827ರಲ್ಲಿ. ಅಷ್ಟರಲ್ಲಿ ರಾಣಿಯ ತಲೆಯೂ ಹೋಗಿತ್ತು, ಬ್ರೆಗೆಯೂ ತೀರಿಕೊಂಡಿದ್ದ. 1983ರಲ್ಲಿ ಜೆರೂಸಲೇಮಿನ ವಸ್ತುಸಂಗ್ರಹಾಲಯದಿಂದ ಅದು ಕಳುವಾಯಿತು. ಆಗ ಬ್ರೆಗೆ ಕಂಪನಿಯೇ ಹಳೆಯ ನಕ್ಷೆ, ಚಿತ್ರಗಳನ್ನು ಹಿಡಿದು ಅದರ ಪ್ರತಿರೂಪ ಮಾಡಲು ಕೈಹಾಕಿ, 2008ರಲ್ಲಿ ಲೋಕಕ್ಕೆ ತೋರಿಸಿತು. ಕಳುವಾಗಿದ್ದ ಅಸಲಿ ಅಷ್ಟರಲ್ಲಿ ಸಿಕ್ಕಿಬಿಟ್ಟಿತ್ತು!

ನಕಲಿನ ವಿರುದ್ಧ ಇಂದು ಅತಿ ಜೋರಾಗಿ ದನಿಯೆತ್ತುವ ಸ್ವಿಟ್ಜರ್‌ಲೆಂಡಿನವರ ಪೂರ್ವಚರಿತ್ರೆಯೂ ಅಷ್ಟೇನೂ ಶುಭ್ರವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ವಾಲ್ತಮ್ ಮೊದಲಾದ ಗಡಿಯಾರಗಳಿಗೆ ಬೇಡಿಕೆ ಬಂದಾಗ, ಅವುಗಳ ಹೆಸರನ್ನೇ ಹೋಲುವ ಹೆಸರಿಟ್ಟು ಸ್ವಿಸ್ ಕಾರ್ಖಾನೆಗಳು ಅಗ್ಗದ ಮಾಲು ಕಳಿಸಿದವು. ಇಂಥ ಮೋಸ ತಡೆಯಲು 1887ರಲ್ಲಿ ಇಂಗ್ಲೆಂಡಿನಲ್ಲಿ, 1889ರಲ್ಲಿ ಭಾರತದಲ್ಲಿ ಸರಕುಗಳ ಗುರುತಿನ ಕಾನೂನುಗಳು ಬಂದವು.

ಇನ್ನು ನಮ್ಮ ಎಚ್‌ಎಂಟಿಗೆ ಬರೋಣ. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದಲ್ಲಿ ಯಂತ್ರೋಪಕರಣ ತಯಾರಿಕೆಗೆಂದು ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರದ ಕಾರ್ಖಾನೆ ತೆರೆಯಿತು. ಮೊದಲ ಕಂತಿನ ಕೈಗಡಿಯಾರಗಳನ್ನು 1963ರಲ್ಲಿ ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅವುಗಳ ಒಳಗಿದ್ದದ್ದು ಸಿಟಿಜನ್‌ನ ತಂತ್ರ. ಹಣ ಕೊಟ್ಟು, ಒಪ್ಪಂದ ಮಾಡಿಕೊಂಡು, ಹೇಳಿಸಿಕೊಂಡು ಕಲಿತದ್ದು. ಟಿಪ್ಪು ವರ್ಸೇಲ್ಸ್‌ನಲ್ಲಿ ಕೇಳಿದ್ದನ್ನೇ ಸ್ವತಂತ್ರ ಭಾರತ ಟೋಕಿಯೋದಲ್ಲಿ ಕೇಳಿತು ಎನ್ನಬಹುದು. ಅಲ್ಲಿಯವರೆಗೆ ಈ ದೇಶದ ಕೈಗಳಲ್ಲಿ ಇದ್ದದ್ದು ವೆಸ್ಟ್ ಎಂಡ್, ಫಾವ್ರ್ ಲ್ಯೂಬಾದಂಥ ಆಮದಿನ ಗಡಿಯಾರಗಳು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದದ್ದು ಎಚ್‌ಎಂಟಿಯಿಂದ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ, ನಿವೃತ್ತರಾದ ಮೇಷ್ಟ್ರಿಗೆ, ಧಾರೆಗೆ ಕೂತ ಮದುವೆ ಗಂಡಿಗೆ ಎಚ್‌ಎಂಟಿಯೇ ಆಗಬೇಕಿತ್ತು.

ಆದರೂ ‘ಫಾರಿನ್ ವಾಚಿ’ನ ಮೋಹ ಹೋಗಲಿಲ್ಲ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು ಅಸಂಖ್ಯ. 2020ರಲ್ಲಿ ಕೋವಿಡ್ ಬಂದು ಅವರೆಲ್ಲ ಊರಿಗೆ ಹಿಂತಿರುಗಿದಾಗಲೇ ಆ ಸಂಖ್ಯೆ ಎಷ್ಟು ದೊಡ್ಡದೆಂದು ಉಳಿದವರಿಗೆ ತಿಳಿದದ್ದು. ಆಮದಿಗೆ ಕಟ್ಟುಪಾಡುಗಳಿದ್ದ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹಬ್ಬಕ್ಕೆ ಬರುವ ಈ ಮುಂಬೈ ನೆಂಟರ ಕೈಯಲ್ಲಿ ಸೀಕೋ ಹೊಳೆಯುತ್ತಿತ್ತು. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮುಸಾಫಿರ್‌ಖಾನಾದಲ್ಲಿ ಕಳ್ಳಸಾಗಣೆಯ ಮಾಲೂ ಸಿಗುತ್ತಿತ್ತು, ಅದರ ನಕಲೂ ಸಿಗುತ್ತಿತ್ತು. ಯಾವುದು ಯಾವುದೆಂದು ಬಿಲ್ಲು ಕೊಡುವವರು ಯಾರು?

1987ರಲ್ಲಿ ಟೈಟನ್ ಬೆಂಗಳೂರಿನಲ್ಲಿ ಮೊದಲ ಮಳಿಗೆ ತೆರೆದ ಮೇಲೆ, ಹೊಸೂರಿನಿಂದ ಬಂದ ಕ್ವಾರ್ಟ್ಜ್ ಗಡಿಯಾರಗಳ ಎದುರು ಕೀ ಕೊಡುವ ಎಚ್‌ಎಂಟಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ರಾಜ್ಯದಲ್ಲೆಲ್ಲ ಗಡಿಯಾರದ್ದೇ ಮಾತು. ಆದರೆ ಅದು ಎಚ್‌ಎಂಟಿಯದಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಸ್ವಿಸ್ ಹ್ಯೂಬ್ಲೋ ಗಡಿಯಾರದ ಬೆಲೆ ಸುಮಾರು 70 ಲಕ್ಷ ರೂಪಾಯಿ ಎಂದು ಎಚ್.ಡಿ. ಕುಮಾರಸ್ವಾಮಿ ಆರೋಪಿಸಿದರು. ಸ್ನೇಹಿತರು ಕೊಟ್ಟ ಉಡುಗೊರೆ ಎಂದ ಮುಖ್ಯಮಂತ್ರಿ, ಮಾರ್ಚ್‌ನಲ್ಲಿ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು. 2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಗೆದ್ದ ಅದೇ ಕುಮಾರಸ್ವಾಮಿಯವರು ಬೃಹತ್ ಕೈಗಾರಿಕಾ ಸಚಿವರಾಗಿ, ಎಚ್‌ಎಂಟಿಯ ಪುನಶ್ಚೇತನದ ಮಾತನಾಡಿದರು.

ಮುಚ್ಚಿತೆಂಬ ಸುದ್ದಿ ಬಂದದ್ದೇ ತಡ, ಮೂಲೆಗೆ ಬಿದ್ದಿದ್ದ ಎಚ್‌ಎಂಟಿಗಳಿಗೆ ಬೆಲೆ ಬಂತು. ಬೆಲೆ ಬಂದಲ್ಲಿ ನಕಲು ಬಾರದಿದ್ದೀತೆ? ಬಡವರ ಗಡಿಯಾರವೆನಿಸಿದ್ದಕ್ಕೂ ನಕಲು ಹುಟ್ಟಿತು. ಅದು ನಡೆಯುವ ಬಗೆ ಹೀಗೆ. ಜನತಾ ಮತ್ತು ಪೈಲಟ್‌ನ ಒಳಗಿರುವುದು ಒಂದೇ ಬಗೆಯ, 17 ಕಲ್ಲಿನ, ಸೆಕೆಂಡಿಗೆ ಐದು ಬಾರಿ ಮಿಡಿಯುವ ಮೆಷಿನ್ನು. ಜನತಾ ಲಕ್ಷಗಟ್ಟಲೆ ಇವೆ. ಕಪ್ಪು ಮುಖದ ಪೈಲಟ್‌ಗೆ ಬೇಡಿಕೆ ಹೆಚ್ಚು. ಹಳೆಯ ಜನತಾದ ಮುಖದ ತಗಡನ್ನು ಬಿಚ್ಚಿ, ಬಣ್ಣ ಕೆರೆದು, ಕಪ್ಪು ಬಳಿದು, ಅಂಕಿ ಅಚ್ಚು ಹಾಕಿ, ಮೆರುಗೆಣ್ಣೆ ಹಚ್ಚಿ ಮತ್ತೆ ಕೂರಿಸಿದರೆ ಪೈಲಟ್ ಸಿದ್ಧ. ಮುಂಬೈ ಈ ಕಸುಬಿಗೆ ಹೆಸರಾದ ಊರು. ಎಚ್‌ಎಂಟಿ ಎಂದೂ ಮಾಡದ ಹಳದಿ, ಗುಲಾಬಿ ಮುಖಗಳನ್ನೂ ಕೂರಿಸಿ ‘ಅಪರೂಪದ ಹಳೆಯ ಮಾಲು’ ಎಂದು ದೇಶವಿದೇಶಕ್ಕೆ ಮಾರುತ್ತಾರೆ.

ಗುರುತಿಸುವುದನ್ನು ಆ ಹಿರಿಯರೇ ನನಗೆ ತೋರಿಸಿಕೊಟ್ಟರು. ಮಸೂರದಲ್ಲಿ ನೋಡಿದರೆ ಮರುಮುದ್ರಣದ ಅಕ್ಷರಗಳ ಅಂಚು ಶಾಯಿ ಹೀರಿದ ಕಾಗದದಂತೆ ಒಡೆದಿರುತ್ತದೆ. ನಿಮಿಷದ ಗೆರೆಗಳು ಒಂದು ಕಡೆ ಒತ್ತು, ಒಂದು ಕಡೆ ಸಡಿಲ. ಹನ್ನೆರಡು ಗಂಟೆಗೆ ಎರಡೂ ಮುಳ್ಳು ಕೂಡಿದಾಗ ಅವು ಅಂಕಿಯ ನಡುವಿಗೆ ಸರಿಯಾಗಿ ಬರುವುದಿಲ್ಲ. ಎಲ್ಲಕ್ಕಿಂತ ಸುಲಭದ ಗುರುತೆಂದರೆ, ಮೈಯೆಲ್ಲ ಸವೆದ ಗಡಿಯಾರಕ್ಕೆ ನಿನ್ನೆ ತಾನೇ ತೊಳೆದಂಥ ಮುಖವಿದ್ದರೆ ಅನುಮಾನಿಸಬೇಕು.

ಹಾಗಾದರೆ ಮುಖ ಬದಲಾಯಿಸುವುದು ತಪ್ಪೇ? ನಾಗಮಂಗಲದ ಲೋಹಶಿಲ್ಪಿಗಳನ್ನು ನೋಡಿ. ಅವರು ಎರಕ ಹೊಯ್ಯುವ ವಿಗ್ರಹ ತಲೆಮಾರುಗಳಿಂದ ಬಂದ ಲಕ್ಷಣವನ್ನೇ ಅನುಸರಿಸುತ್ತದೆ. ಹಳೆಯದರಂತಿರುವುದೇ ಅಲ್ಲಿ ಗುಣ. ಅದೇ ವಿಗ್ರಹವನ್ನು ಮಣ್ಣಲ್ಲಿ ಹೂತು, ಕಿಲುಬು ಹಿಡಿಸಿ, ಇನ್ನೂರು ವರ್ಷದ್ದೆಂದು ಯಾರಾದರೂ ಮಾರಿದರೆ ಅದು ವಂಚನೆ. ಕಾನೂನಿನ ನೋಟವೂ ಹೆಚ್ಚುಕಡಿಮೆ ಇದೇ. ನಮ್ಮ ಗಡಿಯಾರವನ್ನು ನಾವು ಬೇಕಾದಂತೆ ಬದಲಿಸಿಕೊಂಡು ಕಟ್ಟಿಕೊಂಡರೆ ಕೇಳುವವರಿಲ್ಲ. ಅದರ ಮೇಲೆ ಇನ್ನೊಬ್ಬರ ಹೆಸರು ಹಾಕಿ ವ್ಯಾಪಾರ ಮಾಡಿದರೆ 1999ರ ವ್ಯಾಪಾರಚಿಹ್ನೆಗಳ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ರೋಲೆಕ್ಸ್ ನಕಲು ಕೂಡಿಡುವ ಹವ್ಯಾಸಿಗಳು ‘ನಾವು ಯಾರಿಗೂ ಮೋಸ ಮಾಡುತ್ತಿಲ್ಲ’ ಎನ್ನುವುದು ಅವರ ಮಟ್ಟಿಗೆ ನಿಜವಿರಬಹುದು. ಅವರಿಗೆ ಮಾರಿದವನ ಬಗ್ಗೆ ಆ ಮಾತು ನಿಲ್ಲುವುದಿಲ್ಲ. ಆ ಗಡಿಯಾರ ಮುಂದೆ ಮೊಮ್ಮಕ್ಕಳ ಕೈಗೆ ಹೋದಾಗ ಅದು ನಕಲೆಂದು ಹೇಳಲು ಇವರೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಹೇಳಲು ಅಜ್ಜಿ ಇದ್ದರು. ಊರಿಗೆ ಹೋಗಿ ಕೇಳಿದೆ. “ಅದು ಬೊಂಬಾಯ್ಗೋಗಿ ಬಂದ ವಾಚು ಕಣೋ” ಎಂದರು. ತಾತ ಎತ್ತು ಮೈ ತೊಳೆಯುವಾಗ ಕೆರೆಯಲ್ಲಿ ಬಿದ್ದು ಮುಖವೆಲ್ಲ ತುಕ್ಕು ಹಿಡಿದಿತ್ತಂತೆ. ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಗೌರಿ ಹಬ್ಬಕ್ಕೆ ಬಂದವರು ಅದನ್ನು ಕೊಂಡೊಯ್ದು, ಯುಗಾದಿಗೆ ಬರುವಾಗ ಹೊಸ ಮುಖ ಹಾಕಿಸಿ ತಂದರಂತೆ. “ಬಿಳೀದು ಹೋಗಿ ಕರೀದು ಬಂತಲ್ಲ ಅಂತ ನಿಮ್ತಾತ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಬಿಚ್ಚಲೂ ಇಲ್ಲ.”

ಮುಂದಿನ ವಾರ ಕೃಷ್ಣರಾಜಪೇಟೆಗೆ ಹೋದಾಗ ಗಡಿಯಾರ ಓಡುತ್ತಿತ್ತು. ತಮ್ಮ ಡಬ್ಬಿಯಲ್ಲಿ ಅಸಲಿ ಜನತಾ ಮುಖವೊಂದಿದೆ, ಬೇಕಿದ್ದರೆ ಕೂರಿಸಿಕೊಡುತ್ತೇನೆ ಎಂದರು ಆ ಹಿರಿಯರು. ಬೇಡವೆಂದೆ. ಅವರು ಹಿಂಬದಿಯ ಮುಚ್ಚಳ ಒತ್ತಿ ಕೂರಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ ಕೊಟ್ಟರು.